ಹೊಟ್ಟೆ ಬಿಗಿಗೊಳಿಸುವ ಶಸ್ತ್ರಚಿಕಿತ್ಸೆ: ಆನಂತರ ದೇಹದಲ್ಲಿ ಏನಾಗುತ್ತದೆ?

ಹಳೆಯ ಸೀರೆಯ ಒಂದು ತುಂಡಿನ ನಡುವಿನಿಂದ ದೋಣಿಯಾಕಾರದ ಭಾಗವನ್ನು ಕತ್ತರಿಸಿ ತೆಗೆಯಿರಿ. ಉಳಿದ ಎರಡು ಅಂಚುಗಳನ್ನು ಒಂದಕ್ಕೊಂದು ಸೇರಿಸಿ ಹೊಲಿಯಿರಿ. ಹೊಲಿಗೆಯ ನಡುಭಾಗದಲ್ಲಿ ಬಟ್ಟೆ ಬಿಗಿಯಾಗುತ್ತದೆ. ಎರಡು ತುದಿಗಳಲ್ಲಿ ಸಣ್ಣ ಗೋಪುರದಂತೆ ಉಬ್ಬಿ ನಿಲ್ಲುತ್ತದೆ. ಇದು ಹೊಲಿದವರ ತಪ್ಪಲ್ಲ. ಸಮತಟ್ಟಾದ ಹಾಳೆಯಿಂದ ಒಂದು ಕೋನವನ್ನು ಕತ್ತರಿಸಿ ತೆಗೆದು ಅಂಚುಗಳನ್ನು ಕೂಡಿಸಿದರೆ ಅದು ಶಂಕುವಾಗಲೇಬೇಕು. ತುದಿಯ ಕೋನ ಎಷ್ಟು ಕಿರಿದೋ ಉಬ್ಬು ಅಷ್ಟು ಚಿಕ್ಕದು. ಆದ್ದರಿಂದ ಉಬ್ಬನ್ನು ತಗ್ಗಿಸಬೇಕಾದರೆ ದೋಣಿಯನ್ನು ಇನ್ನಷ್ಟು ಉದ್ದ ಮಾಡಬೇಕು.

ಅಬ್ಡಾಮಿನೋಪ್ಲಾಸ್ಟಿ, ಅಂದರೆ ಆಡುಮಾತಿನ ‘ಟಮ್ಮಿ ಟಕ್’ ಶಸ್ತ್ರಚಿಕಿತ್ಸೆಯಲ್ಲಿ ಗಾಯದ ಗೆರೆ ಕಿಬ್ಬೊಟ್ಟೆಯ ಕೆಳಗೆ ಸೊಂಟದ ಒಂದು ಬದಿಯಿಂದ ಇನ್ನೊಂದು ಬದಿಯವರೆಗೂ ಹರಡಿರುವುದು ಏಕೆ ಎಂದು ಅನೇಕರು ಕೇಳುತ್ತಾರೆ. ಉತ್ತರ ಈ ಬಟ್ಟೆಯ ತುಂಡಿನಲ್ಲಿದೆ. ತುದಿಗಳಲ್ಲಿ ಉಳಿಯುವ ಉಬ್ಬನ್ನು ವೈದ್ಯರು ‘ನಾಯಿಕಿವಿ’ ಎಂದು ಕರೆಯುತ್ತಾರೆ. ಸಣ್ಣದಿದ್ದರೆ ಕೆಲವು ತಿಂಗಳುಗಳಲ್ಲಿ ತಾನೇ ತಗ್ಗುತ್ತದೆ. ಉಳಿದುಕೊಂಡರೆ ಆ ಭಾಗವನ್ನಷ್ಟೇ ಮತ್ತೆ ಸರಿಪಡಿಸಬೇಕಾಗಬಹುದು.

ಇದು ತೂಕ ಇಳಿಸುವ ಚಿಕಿತ್ಸೆಯಲ್ಲ. ಹಲವು ಹೆರಿಗೆಗಳ ನಂತರ ಅಥವಾ ತೂಕವನ್ನು ಬಹಳ ಇಳಿಸಿಕೊಂಡ ನಂತರ ಜೋತುಬಿದ್ದ ಚರ್ಮವನ್ನೂ ಅದರಡಿಯ ಕೊಬ್ಬನ್ನೂ ತೆಗೆಯುವುದು ಇದರ ಒಂದು ಭಾಗ. ಹೊಟ್ಟೆಯ ಮಧ್ಯಗೆರೆಯ ಎರಡು ಬದಿಯ ನೀಳ ಸ್ನಾಯುಗಳು ಗರ್ಭಧಾರಣೆಯಲ್ಲಿ ದೂರ ಸರಿದಿದ್ದರೆ, ಅವುಗಳ ಹೊದಿಕೆಯನ್ನು ಮಡಿಸಿ ಹೊಲಿದು ಹತ್ತಿರ ತರುವುದು ಇನ್ನೊಂದು ಭಾಗ. ಅಮೆರಿಕದ ಬಾಲ್ಟಿಮೋರಿನಲ್ಲಿ ಹೋವರ್ಡ್ ಕೆಲಿ ಎಂಬ ಸ್ತ್ರೀರೋಗ ತಜ್ಞ ಜೋತುಬಿದ್ದ ಹೊಟ್ಟೆಯ ಕೊಬ್ಬು ಮತ್ತು ಚರ್ಮವನ್ನು ಹೀಗೆ ಕತ್ತರಿಸಿ ತೆಗೆದುದನ್ನು ವರದಿ ಮಾಡಿದ್ದು 1899ರಲ್ಲಿ. ಅಂದಿನಿಂದ ವಿಧಾನ ಬಹಳ ಸುಧಾರಿಸಿದೆ. ಆದರೆ ಗಾಯ ಮಾಯುವ ವೇಗ ಅಂದಿನದೇ. ಆಕಾರ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆಯೇ ಬದಲಾಗುತ್ತದೆ. ನೋವು ಕೆಲವು ವಾರಗಳಲ್ಲಿ ಹೋಗುತ್ತದೆ. ಬಲ, ಸ್ಪರ್ಶ, ದ್ರವದ ಹರಿವು ಇವು ಹಿಂತಿರುಗಲು ತಿಂಗಳುಗಳು ಬೇಕು. ಇವುಗಳ ಗಡಿಯಾರಗಳು ಬೇರೆ ಬೇರೆ ಎಂಬುದನ್ನು ಗಮನಿಸದೆ, ನೋವು ಹೋದ ಕೂಡಲೇ ಎಲ್ಲವೂ ಮುಗಿಯಿತೆಂದುಕೊಳ್ಳುವುದರಿಂದಲೇ ಹಲವು ತೊಂದರೆಗಳು ಹುಟ್ಟುತ್ತವೆ.

ಮೊದಲ ದಿನಗಳು: ಬಾಗಿದ ಬೆನ್ನು

ಹೊಕ್ಕುಳಿನ ಮೇಲಿದ್ದ ಚರ್ಮವನ್ನು ಒಳಗಿನ ಪದರದಿಂದ ಬಿಡಿಸಿ ಕೆಳಕ್ಕೆ ಎಳೆದು ಹೊಲಿದಿರುತ್ತಾರೆ. ಹೊಕ್ಕುಳು ಮಾತ್ರ ತನ್ನ ತೊಟ್ಟಿನೊಡನೆ ಇದ್ದಲ್ಲೇ ಇರುತ್ತದೆ. ಅದಕ್ಕಾಗಿ ಚರ್ಮದಲ್ಲಿ ಹೊಸ ರಂಧ್ರ ಮಾಡಿ ಹೊರತರುತ್ತಾರೆ. ಮೊದಲು ಹೊಕ್ಕುಳಿನ ಮೇಲಿದ್ದ ಒಂದು ಮಚ್ಚೆ ಈಗ ಅದರ ಕೆಳಗೆ ಕಾಣಿಸಿಕೊಂಡರೆ ಆಶ್ಚರ್ಯಪಡಬೇಕಾಗಿಲ್ಲ!

ಪಕ್ಕೆಲುಬಿನಿಂದ ಕಿಬ್ಬೊಟ್ಟೆಯವರೆಗಿನ ದೂರಕ್ಕೆ ಚರ್ಮ ಈಗ ತುಸು ಕಡಿಮೆ. ನೆಟ್ಟಗೆ ನಿಂತರೆ ಗಾಯದ ಅಂಚುಗಳ ಮೇಲೆ ಎಳೆತ ಹೆಚ್ಚುತ್ತದೆ. ಸೊಂಟ ಬಾಗಿಸಿದರೆ ಕಡಿಮೆಯಾಗುತ್ತದೆ. ಆದ್ದರಿಂದ ಮೊದಲ ವಾರ, ಕೆಲವೊಮ್ಮೆ ಎರಡು ವಾರ, ಬಾಗಿ ನಡೆಯಬೇಕು. ಮಲಗುವಾಗ ತಲೆ-ಬೆನ್ನಿಗೆ ದಿಂಬುಗಳನ್ನು ಒಟ್ಟಿ, ಮೊಣಕಾಲಿನಡಿಗೂ ದಿಂಬಿಟ್ಟು ಆರಾಮಕುರ್ಚಿಯಲ್ಲಿ ಒರಗಿದಂತೆ ಮಲಗಬೇಕು.

ಹೀಗೆ ಬಾಗಿ ನಡೆಯುವವರು ಹೊಟ್ಟೆನೋವಿಗಿಂತ ಬೆನ್ನುನೋವೇ ಹೆಚ್ಚೆಂದು ದೂರುವುದುಂಟು. ಲೆಕ್ಕ ಮಾಡಿ ನೋಡಿ. ಸೊಂಟದ ಮೇಲಿನ ದೇಹದ ತೂಕ ಸುಮಾರು 300 ನ್ಯೂಟನ್, ಅದರ ಗುರುತ್ವಕೇಂದ್ರ ಸೊಂಟದಿಂದ 30 ಸೆಂಮೀ ಮೇಲೆ ಎಂದಿಟ್ಟುಕೊಳ್ಳೋಣ. 20 ಡಿಗ್ರಿ ಬಾಗಿದರೆ ತೂಕದ ರೇಖೆ ಸೊಂಟದಿಂದ ಸುಮಾರು 10 ಸೆಂಮೀ ಮುಂದಕ್ಕೆ ಬರುತ್ತದೆ. ಬೆನ್ನಿನ ಸ್ನಾಯುಗಳು ಬೆನ್ನುಮೂಳೆಯಿಂದ ಕೇವಲ 5 ಸೆಂಮೀ ಹಿಂದಿವೆ. ಸನ್ನೆಯ ನಿಯಮದಂತೆ ಅವು 600 ನ್ಯೂಟನ್ ಬಲದಿಂದ ಎಳೆಯಬೇಕು. ಅಂದರೆ 60 ಕಿಲೋಗ್ರಾಂ ತೂಕವನ್ನು ದಿನವಿಡೀ ಹಿಡಿದು ನಿಂತಂತೆ. ಬೆನ್ನು ನೋಯದೆ ಇದ್ದೀತೆ? ಮನೆಯಲ್ಲಿ ಹಿರಿಯರು ಬಳಸುವ ವಾಕರ್ ಇದ್ದರೆ ಅದನ್ನು ಹಿಡಿದು ನಡೆಯಬಹುದು. ತೂಕದ ಒಂದು ಪಾಲು ತೋಳುಗಳ ಮೂಲಕ ನೆಲಕ್ಕೆ ಇಳಿಯುತ್ತದೆ.

ದಿನ ಕಳೆದಂತೆ ಬಿಗಿತ ತಾನಾಗಿ ಸಡಿಲಗೊಳ್ಳುತ್ತದೆ. ಚರ್ಮ ಉಕ್ಕಿನ ಸ್ಪ್ರಿಂಗಿನಂತಲ್ಲ. ಸ್ಥಿತಿಸ್ಥಾಪಕತೆಯ ಜೊತೆಗೆ ಸ್ನಿಗ್ಧತೆಯ ಗುಣವೂ ಅದಕ್ಕಿದೆ. ಎಳೆದು ಹಿಡಿದರೆ ಅದರೊಳಗಿನ ಕೊಲಾಜನ್ ಎಳೆಗಳು ನಿಧಾನವಾಗಿ ಎಳೆತದ ದಿಕ್ಕಿಗೆ ಹೊರಳಿಕೊಳ್ಳುತ್ತವೆ, ಎಳೆತ ಇಳಿಯುತ್ತದೆ. ಚರ್ಮದಲ್ಲಿ ಎಲ್ಲ ದಿಕ್ಕುಗಳಲ್ಲೂ ಎಳೆತ ಒಂದೇ ಸಮ ಇರುವುದಿಲ್ಲ ಎಂಬುದನ್ನು ವಿಯೆನ್ನಾದ ಅಂಗರಚನಾ ತಜ್ಞ ಕಾರ್ಲ್ ಲಾಂಗರ್ 1861ರಲ್ಲೇ ತೋರಿಸಿಕೊಟ್ಟ. ಶವದ ಚರ್ಮಕ್ಕೆ ದುಂಡನೆಯ ದಬ್ಬಳ ಚುಚ್ಚಿದರೆ ತೂತು ದುಂಡಾಗಿ ಉಳಿಯದೆ ಸೀಳಿನಂತಾಗುತ್ತಿತ್ತು. ಆ ಸೀಳುಗಳ ದಿಕ್ಕನ್ನು ದೇಹದ ಎಲ್ಲೆಡೆ ಗುರುತಿಸಿ ಆತ ನಕ್ಷೆ ಬರೆದ. ಹೊಟ್ಟೆಯ ಮೇಲೆ ಈ ಗೆರೆಗಳು ಬಹುಮಟ್ಟಿಗೆ ಅಡ್ಡಲಾಗಿವೆ. ಅಡ್ಡಗಾಯ ಉದ್ದಗಾಯಕ್ಕಿಂತ ತೆಳುವಾಗಿ ಮಾಯುವುದಕ್ಕೆ ಇದು ಒಂದು ಕಾರಣ.

ಕೆಮ್ಮಿನ ಭೌತವಿಜ್ಞಾನ

ತರಗತಿಯಲ್ಲಿ ಲಾಪ್ಲಾಸ್ ನಿಯಮವನ್ನು ನಾವು ಸೋಪಿನ ಗುಳ್ಳೆಯಿಂದ ಆರಂಭಿಸಿ ಅಲ್ಲಿಯೇ ಮುಗಿಸಿಬಿಡುತ್ತೇವೆ. ಅದನ್ನು ಹೊಟ್ಟೆಗೂ ಅನ್ವಯಿಸಬಹುದು. ಹೊಟ್ಟೆಯನ್ನು 15 ಸೆಂಮೀ ತ್ರಿಜ್ಯದ ಸಿಲಿಂಡರ್ ಎಂದುಕೊಳ್ಳೋಣ (ಭೌತವಿಜ್ಞಾನಿಗಳಿಗೆ ಇಂಥ ಸ್ವಾತಂತ್ರ್ಯ ಅಭ್ಯಾಸವಾಗಿದೆ). ಗೋಡೆಯಲ್ಲಿನ ಎಳೆತವು ಒಳಗಿನ ಹೆಚ್ಚುವರಿ ಒತ್ತಡ ಮತ್ತು ತ್ರಿಜ್ಯಗಳ ಗುಣಲಬ್ಧಕ್ಕೆ ಸಮ.

ಆರಾಮವಾಗಿ ಮಲಗಿದಾಗ ಹೊಟ್ಟೆಯೊಳಗಿನ ಒತ್ತಡ ಸುಮಾರು 5 ಮಿಮೀ ಪಾದರಸ, ಅಂದರೆ ಹೆಚ್ಚುಕಡಿಮೆ 670 ಪಾಸ್ಕಲ್. ಎಳೆತ ಮೀಟರಿಗೆ 100 ನ್ಯೂಟನ್. ಒಂದು ಸೆಂಟಿಮೀಟರ್ ಹೊಲಿಗೆಯ ಪಾಲಿಗೆ 1 ನ್ಯೂಟನ್. ಜೋರಾಗಿ ಕೆಮ್ಮಿದಾಗ ಒತ್ತಡ 100 ಮಿಮೀ ಪಾದರಸವನ್ನೂ ಮೀರಬಹುದು. ಆಗ ಅದೇ ಒಂದು ಸೆಂಟಿಮೀಟರಿನ ಮೇಲೆ 20 ನ್ಯೂಟನ್. ಎರಡು ಕಿಲೋಗ್ರಾಂ ಸಕ್ಕರೆಯ ಚೀಲವನ್ನು ಪ್ರತಿ ಸೆಂಟಿಮೀಟರಿಗೂ ಒಂದರಂತೆ ತೂಗುಹಾಕಿದ ಹಾಗೆ! ಹೊಟ್ಟೆ ನಿಜವಾಗಿ ಸಿಲಿಂಡರ್ ಅಲ್ಲ. ಗೋಳವೆಂದು ಭಾವಿಸಿದರೆ ಉತ್ತರ ಅರ್ಧವಾಗುತ್ತದೆ. ಭಾರವನ್ನು ಹಲವು ಪದರಗಳು ಹಂಚಿಕೊಳ್ಳುವುದೂ ಉಂಟು. ಆದರೂ ಮಲಗಿದ್ದಾಗಿನ ಎಳೆತಕ್ಕೂ ಕೆಮ್ಮಿದಾಗಿನ ಎಳೆತಕ್ಕೂ ಇರುವ ಇಪ್ಪತ್ತು ಪಟ್ಟಿನ ಅಂತರ ಹಾಗೆಯೇ ಉಳಿಯುತ್ತದೆ.

ಕೆಮ್ಮುವಾಗ, ಸೀನುವಾಗ, ನಗುವಾಗಲೂ ಹೊಟ್ಟೆಗೆ ದಿಂಬನ್ನು ಒತ್ತಿ ಹಿಡಿಯಿರಿ ಎಂದು ದಾದಿಯರು ಹೇಳುವುದರ ಅರ್ಥ ಇಲ್ಲಿದೆ. ಎಳೆತವನ್ನು ನಿರ್ಧರಿಸುವುದು ಒಳಗಿನ ಒತ್ತಡ ಒಂದೇ ಅಲ್ಲ, ಒಳಗಿನ ಮತ್ತು ಹೊರಗಿನ ಒತ್ತಡಗಳ ವ್ಯತ್ಯಾಸ. ದಿಂಬು ಹೊರಗಿನಿಂದ ಒತ್ತಿದಷ್ಟೂ ವ್ಯತ್ಯಾಸ ಕಡಿಮೆ. ಮಲಬದ್ಧತೆಯೂ ಇಲ್ಲಿ ಸಣ್ಣ ವಿಷಯವಲ್ಲ. ಕೆಲವು ಪ್ರಬಲ ನೋವುನಿವಾರಕಗಳು ಅದನ್ನು ತರುತ್ತವೆ, ಮುಕ್ಕುವುದರಿಂದ ಒತ್ತಡ ಏರುತ್ತದೆ. ನೀರು, ನಾರಿನಂಶದ ಆಹಾರ, ಅಗತ್ಯವಿದ್ದರೆ ವೈದ್ಯರು ಕೊಡುವ ಔಷಧ ಹೊಲಿಗೆಯನ್ನು ಕಾಪಾಡುತ್ತವೆ.

ಕೆಮ್ಮಬಾರದೆಂದು ಉಸಿರನ್ನು ಮೇಲೆಮೇಲೆ ಆಡಿಸುವುದು ಮಾತ್ರ ಸರಿಯಲ್ಲ. ಬಿಗಿದ ಹೊಟ್ಟೆಯಿಂದಾಗಿ ವಪೆ ಕೆಳಗಿಳಿಯಲು ಮೊದಲೇ ಜಾಗ ಕಡಿಮೆ. ಶ್ವಾಸಕೋಶದ ತಳಭಾಗ ಹಿಗ್ಗದಿದ್ದರೆ ಅಲ್ಲಿ ಕಫ ನಿಂತು ಸೋಂಕಾಗಬಹುದು. ಆಸ್ಪತ್ರೆಗಳಲ್ಲಿ ಮೂರು ಬಣ್ಣದ ಚೆಂಡುಗಳಿರುವ ಉಸಿರಾಟದ ಸಾಧನವನ್ನು ಕೊಟ್ಟು ಎಳೆಯಿಸುವುದು ಇದಕ್ಕಾಗಿಯೇ.

ಹೊರಬರುವ ದ್ರವ, ಒಳಗುಳಿಯುವ ದ್ರವ

ಬಿಡಿಸಿದ ಚರ್ಮ ಮತ್ತು ಸ್ನಾಯುವಿನ ಹೊದಿಕೆ ಮತ್ತೆ ಅಂಟಿಕೊಳ್ಳುವವರೆಗೆ ಅವುಗಳ ನಡುವೆ ತೆಳುವಾದ ಖಾಲಿ ಜಾಗ ಇರುತ್ತದೆ. ಅಲ್ಲಿ ದ್ರವ ಜಿನುಗುತ್ತದೆ. ಇದನ್ನು ಹೊರತೆಗೆಯಲು ಬಹಳ ಶಸ್ತ್ರವೈದ್ಯರು ಒಂದೆರಡು ಕೊಳವೆಗಳನ್ನು ಇಟ್ಟಿರುತ್ತಾರೆ. ಕೊಳವೆಯ ತುದಿಯ ರಬ್ಬರಿನಂಥ ಬುಡ್ಡೆಯನ್ನು ಹಿಂಡಿ ಗಾಳಿ ಹೊರಹಾಕಿ ಮುಚ್ಚಳ ಹಾಕಿದರೆ, ಬುಡ್ಡೆ ತನ್ನ ಮೂಲ ಆಕಾರಕ್ಕೆ ಮರಳಲು ಯತ್ನಿಸುತ್ತದೆ. ಒಳಗಿನ ಒತ್ತಡ ವಾಯುಮಂಡಲದ ಒತ್ತಡಕ್ಕಿಂತ ಕಡಿಮೆಯಾಗಿ ದ್ರವವನ್ನು ಎಳೆದುಕೊಳ್ಳುತ್ತದೆ. ಶಾಯಿ ಪೆನ್ನಿಗೆ ಶಾಯಿ ತುಂಬಿದವರಿಗೆ ಇದು ಹೊಸದಲ್ಲ. ಬುಡ್ಡೆ ತುಂಬಿದಂತೆ ಎಳೆಯುವ ಶಕ್ತಿ ಕುಗ್ಗುತ್ತದೆ. ಆದ್ದರಿಂದ ಅರ್ಧ ತುಂಬುವ ಹೊತ್ತಿಗೇ ಖಾಲಿ ಮಾಡಿ, ಮತ್ತೆ ಹಿಂಡಿ ಮುಚ್ಚಬೇಕು. ಹಿಂಡದೆ ಮುಚ್ಚಿದರೆ ಅದು ಬರಿಯ ಬಾಟಲಿ. ಪ್ರತಿದಿನದ ಪ್ರಮಾಣವನ್ನು ಬರೆದಿಡಬೇಕು. ದಿನಕ್ಕೆ ಸುಮಾರು 30 ಮಿಲಿಲೀಟರಿಗಿಂತ ಕಡಿಮೆಯಾದಾಗ ಕೊಳವೆ ತೆಗೆಯುವುದು ವಾಡಿಕೆ. ಬಣ್ಣವೂ ಕೆಂಪಿನಿಂದ ಗುಲಾಬಿಗೆ, ಗುಲಾಬಿಯಿಂದ ಹುಲ್ಲಿನ ಹಳದಿಗೆ ತಿರುಗುತ್ತದೆ. ತಿಳಿಯಾಗುತ್ತಿದ್ದ ದ್ರವ ಹಠಾತ್ತನೆ ಮತ್ತೆ ಕೆಂಪಾದರೆ, ಕೀವಿನಂತಾದರೆ ಕೂಡಲೇ ತಿಳಿಸಬೇಕು.

ಕೊಳವೆ ತೆಗೆದ ಮೇಲೂ ದ್ರವ ಕೂಡುವುದು ಈ ಶಸ್ತ್ರಚಿಕಿತ್ಸೆಯ ಅತಿ ಸಾಮಾನ್ಯ ತೊಡಕು. ಹೊಟ್ಟೆಯ ಒಂದು ಬದಿ ತಟ್ಟಿದರೆ ಇನ್ನೊಂದು ಬದಿಗೆ ಅಲೆ ಹೋದಂತೆ ಕಾಣಬಹುದು. ವೈದ್ಯರು ಸೂಜಿಯಿಂದ ತೆಗೆದುಬಿಡುತ್ತಾರೆ. ಪದರಗಳು ಒಂದರ ಮೇಲೊಂದು ಜಾರುತ್ತಿದ್ದರೆ ಅಂಟಿಕೊಳ್ಳಲಾರವು. ಅದಕ್ಕಾಗಿ ಈಚೆಗೆ ಕೌದಿ ಹೊಲಿದಂತೆ ಒಳಗೆ ಅಲ್ಲಲ್ಲಿ ಹೊಲಿಗೆ ಹಾಕಿ ಎರಡು ಪದರಗಳನ್ನು ಹಿಡಿದಿಡುವ ವಿಧಾನವೂ ಬಳಕೆಗೆ ಬಂದಿದೆ.

ಊತ ಬೇರೆಯೇ ಸಂಗತಿ. ಲೋಮನಾಳಗಳಿಂದ ಹೊರಬಂದ ದ್ರವದಲ್ಲಿ ಹಿಂತಿರುಗದೆ ಉಳಿದ ಭಾಗವನ್ನು ದುಗ್ಧರಸ ನಾಳಗಳು ಸಾಗಿಸುತ್ತವೆ. ಹೊಕ್ಕುಳಿನ ಕೆಳಗಿನ ಚರ್ಮದ ದುಗ್ಧರಸ ತೊಡೆಸಂದಿಯ ಗ್ರಂಥಿಗಳಿಗೆ, ಮೇಲಿನದು ಕಂಕುಳಿನ ಗ್ರಂಥಿಗಳಿಗೆ ಹೋಗುವುದು ಸಹಜ ವ್ಯವಸ್ಥೆ. ಗಾಯದ ಗೆರೆ ಕೆಳಗಿನ ದಾರಿಗಳನ್ನು ಅಡ್ಡಲಾಗಿ ಕತ್ತರಿಸಿಬಿಟ್ಟಿದೆ. ಹೊಸ ದಾರಿಗಳು ಬೆಳೆಯಲು ತಿಂಗಳುಗಳು ಬೇಕು. ಅಲ್ಲಿಯವರೆಗೆ ಗೆರೆಯ ಮೇಲ್ಭಾಗ ಅಣೆಕಟ್ಟಿನ ಹಿನ್ನೀರಿನಂತೆ ಊದಿಕೊಳ್ಳುತ್ತದೆ. ಬೆಳಗ್ಗೆ ಸರಿಯಾಗಿದ್ದ ಉಡುಪು ಸಂಜೆಗೆ ಬಿಗಿಯಾಗುತ್ತದೆ, ಏಕೆಂದರೆ ಗುರುತ್ವ ದಿನವಿಡೀ ಕೆಲಸ ಮಾಡಿದೆ. ಮೊದಲ ವಾರ ತಕ್ಕಡಿ ಹತ್ತಿದವರಿಗೆ ತೂಕ ಇಳಿಯುವ ಬದಲು ಏರಿದ್ದು ಕಂಡು ಗಾಬರಿಯಾಗಬಹುದು. ಅದು ಕೊಬ್ಬಲ್ಲ, ನೀರು.

ಒತ್ತುಪಟ್ಟಿ ಕಟ್ಟುವುದು ಇದಕ್ಕೆ ನೆರವಾಗುತ್ತದೆ. ನಮ್ಮಲ್ಲಿ ಬಾಣಂತಿಯರಿಗೆ ಹಳೆಯ ಹತ್ತಿಸೀರೆಯಿಂದ ಹೊಟ್ಟೆ ಕಟ್ಟುವ ರೂಢಿ ಇದೆಯಲ್ಲ, ಅದರ ಸೋದರಿ ಇದು. ಇಲ್ಲಿಯೂ ಲಾಪ್ಲಾಸ್ ನಿಯಮವೇ, ಆದರೆ ತಿರುಗುಮುರುಗಾಗಿ: ಪಟ್ಟಿಯ ಎಳೆತವನ್ನು ತ್ರಿಜ್ಯದಿಂದ ಭಾಗಿಸಿದರೆ ಒತ್ತಡ. ಸೊಂಟದ ಬದಿಗಳಲ್ಲಿ ವಕ್ರತೆಯ ತ್ರಿಜ್ಯ ಕಡಿಮೆ, ಒತ್ತಡ ಹೆಚ್ಚು; ಚಪ್ಪಟೆಯಾದ ಮುಂಭಾಗದಲ್ಲಿ ತ್ರಿಜ್ಯ ದೊಡ್ಡದು, ಒತ್ತಡ ಕಡಿಮೆ. ಒತ್ತಡ ಬೇಕಾದ ಕಡೆ ಅದು ಸಿಗದೆ, ಬೇಡದ ಕಡೆ ಗೆರೆ ಬೀಳುತ್ತದೆ. ಕೆಲವು ವೈದ್ಯರು ಮುಂದೆ ಸ್ಪಂಜಿನ ಹಾಳೆ ಇಡುವುದು ಈ ಕೊರತೆ ತುಂಬಲು. ಬಿಗಿ ಮಾಡಿದಷ್ಟೂ ಒಳ್ಳೆಯದೆಂಬ ನಂಬಿಕೆ ಅಪಾಯಕಾರಿ. ಚರ್ಮದ ರಕ್ತಸಂಚಾರಕ್ಕೂ ಕಾಲುಗಳಿಂದ ರಕ್ತ ಮರಳುವುದಕ್ಕೂ ಅದು ಅಡ್ಡಿ.

ಕಾಲಿನ ರಕ್ತ, ಬೀಡಿ-ಸಿಗರೇಟು

ಎಲ್ಲಕ್ಕಿಂತ ಗಂಭೀರವಾದ ಅಪಾಯ ಹೊಟ್ಟೆಯಲ್ಲಿಲ್ಲ, ಕಾಲಿನಲ್ಲಿದೆ. ಸ್ನಾಯು ಹೊದಿಕೆ ಬಿಗಿಗೊಳಿಸಿದಾಗ ಹೊಟ್ಟೆಯೊಳಗಿನ ಒತ್ತಡ ತುಸು ಏರುತ್ತದೆ, ಕಾಲಿನ ಅಭಿಧಮನಿಗಳಲ್ಲಿ ರಕ್ತ ನಿಧಾನವಾಗುತ್ತದೆ. ಮಂಚದಲ್ಲೇ ಮಲಗಿದ್ದರೆ ಇನ್ನೂ ನಿಧಾನ. ನಿಂತ ರಕ್ತ ಹೆಪ್ಪುಗಟ್ಟಬಹುದು. ಹೆಪ್ಪು ಕಳಚಿ ಶ್ವಾಸಕೋಶ ಸೇರಿದರೆ ಪ್ರಾಣಕ್ಕೇ ಕುತ್ತು. ಮೀನಖಂಡದ ಸ್ನಾಯುಗಳು ನಡೆಯುವಾಗ ಪಂಪಿನಂತೆ ಕೆಲಸ ಮಾಡುತ್ತವೆ: ಸುಮ್ಮನೆ ನಿಂತಾಗ ಪಾದದ ಅಭಿಧಮನಿಯಲ್ಲಿ ಸುಮಾರು 90 ಮಿಮೀ ಪಾದರಸವಿರುವ ಒತ್ತಡ ನಡೆಯುವಾಗ ಅದರ ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಆದ್ದರಿಂದಲೇ ಶಸ್ತ್ರಚಿಕಿತ್ಸೆಯ ದಿನವೇ ಅಥವಾ ಮರುದಿನ ಬಾಗಿಕೊಂಡಾದರೂ ನಾಲ್ಕು ಹೆಜ್ಜೆ ನಡೆಸುತ್ತಾರೆ. ಇದು ರೋಗಿಗೆ ಕೊಡುವ ಕಿರುಕುಳವಲ್ಲ. ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಹಠಾತ್ತನೆ ಉಸಿರು ಕಟ್ಟುವುದು, ಎದೆನೋವು ಇವು ಕಂಡರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ಮನೆಗೆ ಬಂದ ಮೇಲೂ ಕೆಲವು ವಾರ ಈ ಎಚ್ಚರ ಬೇಕು.

ಇನ್ನು ತಂಬಾಕು. ಕೆಳಕ್ಕೆಳೆದ ಚರ್ಮಕ್ಕೆ ಹಿಂದೆ ರಕ್ತ ಕೊಡುತ್ತಿದ್ದ ನಡುಭಾಗದ ನಾಳಗಳು ಈಗ ಕಡಿದಿವೆ. ಬದಿಗಳಿಂದ ಬರುವ ಸಣ್ಣ ನಾಳಗಳೇ ಆಧಾರ. ಕಾಲುವೆಯ ಕೊನೆಯ ಗದ್ದೆಯಂತೆ, ಗಾಯದ ನಟ್ಟನಡುವಿನ ಚರ್ಮಕ್ಕೆ ರಕ್ತ ಕೊನೆಗೆ ತಲುಪುತ್ತದೆ. ನಿಕೋಟಿನ್ ನಾಳಗಳನ್ನು ಕಿರಿದಾಗಿಸುತ್ತದೆ. ಪಾಯ್ಸೆಯ್ ನಿಯಮದಂತೆ ಹರಿವು ತ್ರಿಜ್ಯದ ನಾಲ್ಕನೆಯ ಘಾತಕ್ಕೆ ಅನುಪಾತದಲ್ಲಿರುತ್ತದೆ: ತ್ರಿಜ್ಯ ಹತ್ತನೆಯ ಒಂದು ಭಾಗ ಕಿರಿದಾದರೆ ಹರಿವು ಮೂರನೆಯ ಒಂದು ಭಾಗ ಕುಸಿಯುತ್ತದೆ. ಮೊದಲೇ ಅರೆಹೊಟ್ಟೆಯಲ್ಲಿರುವ ಚರ್ಮ ಆಗ ಕಪ್ಪಾಗಿ ಸಾಯಬಹುದು. ಕನಿಷ್ಠ ನಾಲ್ಕು ವಾರ ಮೊದಲು ಮತ್ತು ನಾಲ್ಕು ವಾರ ಆಮೇಲೆ ಸೇದಬಾರದೆಂಬ ಷರತ್ತು ನೀತಿಬೋಧೆಯಲ್ಲ, ದ್ರವಚಲನ ವಿಜ್ಞಾನ.

ಮೂರನೆಯ ವಾರದ ಮೋಸ

ಗಾಯದ ಬಲವನ್ನು ಹೊಲಿಗೆಯ ಅಂದದಿಂದ ಅಳೆಯಲಾಗದು. ಮೊದಲ ವಾರದ ಕೊನೆಗೆ ಗಾಯಕ್ಕೆ ತನ್ನದೇ ಆದ ಬಲ ಬಹುತೇಕ ಇಲ್ಲ, ಹಿಡಿದಿರುವುದು ದಾರ. ಮೂರನೆಯ ವಾರದ ಹೊತ್ತಿಗೆ ಮೂಲ ಚರ್ಮದ ಬಲದ ಐದನೆಯ ಒಂದರಿಂದ ಮೂರನೆಯ ಒಂದು ಭಾಗದವರೆಗೆ. ಮೂರು ತಿಂಗಳಿಗೆ ಸುಮಾರು ಶೇಕಡ 80. ಅಲ್ಲಿಗೆ ನಿಲ್ಲುತ್ತದೆ, ನೂರು ಎಂದೂ ಆಗುವುದಿಲ್ಲ.

ಈಗ ನೋವಿನ ಗಡಿಯಾರವನ್ನು ಪಕ್ಕದಲ್ಲಿಡಿ. ಮೂರನೆಯ ವಾರಕ್ಕೆ ನೋವು ಬಹುಪಾಲು ಇಲ್ಲ, ನೆಟ್ಟಗೆ ನಿಲ್ಲಬಹುದು, ಕುಳಿತು ಮಾಡುವ ಕೆಲಸಕ್ಕೆ ಹಿಂತಿರುಗಿರಬಹುದು. ನೀರು ತುಂಬಿದ ಕೊಡ ಎತ್ತಲು, ಗ್ಯಾಸ್ ಸಿಲಿಂಡರ್ ಸರಿಸಲು, ಓಡಿಬಂದ ಮಗುವನ್ನು ಸೊಂಟಕ್ಕೇರಿಸಲು ಮನಸ್ಸಾಗುವುದು ಆಗಲೇ. ಮೂರೋ ನಾಲ್ಕೋ ವಾರದ ರಜೆಯಲ್ಲಿ ವಿದೇಶದಿಂದ ಬಂದು ಇಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಹಿಂತಿರುಗುವವರಂತೂ ಸರಿಯಾಗಿ ಈ ಹೊತ್ತಿಗೆ 23 ಕಿಲೋಗ್ರಾಂ ಸೂಟ್‌ಕೇಸ್ ಎತ್ತುತ್ತಾರೆ, ಅದರ ಮೇಲೆ ಹತ್ತಾರು ಗಂಟೆ ವಿಮಾನದಲ್ಲಿ ಕಾಲು ಮಡಚಿ ಕೂರುತ್ತಾರೆ. ಹೊಲಿಗೆ ಮತ್ತು ಅಭಿಧಮನಿ ಎರಡಕ್ಕೂ ಇದಕ್ಕಿಂತ ಕೆಟ್ಟ ಪರೀಕ್ಷೆ ಬೇರೆ ಬೇಕಿಲ್ಲ. ಸ್ನಾಯುವಿನ ಹೊದಿಕೆ ಮಡಿಸಿದ್ದರೆ ಭಾರ ಎತ್ತಲು ಸಾಮಾನ್ಯವಾಗಿ ಆರು ವಾರ, ಹೊಟ್ಟೆಯ ವ್ಯಾಯಾಮಕ್ಕೆ ಇನ್ನೂ ಹೆಚ್ಚು ಕಾಯಿಸುತ್ತಾರೆ. ರಜೆಯನ್ನು ಇದಕ್ಕೆ ತಕ್ಕಂತೆ ಹೊಂದಿಸಬೇಕೇ ವಿನಾ ಗಾಯವನ್ನು ರಜೆಗೆ ತಕ್ಕಂತೆ ಹೊಂದಿಸಲಾಗದು.

ಸ್ಪರ್ಶದ ಗಡಿಯಾರ ಇನ್ನೂ ನಿಧಾನ. ಹೊಕ್ಕುಳಿಗೂ ಗೆರೆಗೂ ನಡುವಿನ ಚರ್ಮ ಮರಗಟ್ಟಿರುತ್ತದೆ, ಸಂವೇದನೆಯ ನರಗಳು ಕತ್ತರಿಸಿಹೋಗಿವೆ. ನರ ಮತ್ತೆ ಬೆಳೆಯುವ ವೇಗ ದಿನಕ್ಕೆ ಸುಮಾರು 1 ಮಿಲಿಮೀಟರ್. ಬದಿಯಿಂದ ನಡುವಿಗೆ 15 ಸೆಂಮೀ ಎಂದರೆ 150 ದಿನ, ಐದು ತಿಂಗಳು. ನಡುವೆ ಚುಚ್ಚಿದಂತೆ, ಇರುವೆ ಹರಿದಂತೆ ಅನಿಸುವುದು ಅದು ಬೆಳೆಯುತ್ತಿರುವ ಲಕ್ಷಣ. ಒಂದು ಸಣ್ಣ ಭಾಗ ಶಾಶ್ವತವಾಗಿ ಮರಗಟ್ಟಿ ಉಳಿಯುವುದೂ ಉಂಟು. ಈ ಅವಧಿಯಲ್ಲಿ ಬಿಸಿನೀರಿನ ಚೀಲವನ್ನಾಗಲಿ ಮಂಜುಗಡ್ಡೆಯನ್ನಾಗಲಿ ಹೊಟ್ಟೆಯ ಮೇಲೆ ಇಡಲೇಬಾರದು. ಸುಡುತ್ತಿದೆ ಎಂದು ಹೇಳಬೇಕಾದ ತಂತಿ ಕಡಿದಿದೆ. ನೋವೇ ಇಲ್ಲದೆ ಚರ್ಮ ಬೆಂದುಹೋದ ಪ್ರಕರಣಗಳು ವೈದ್ಯಕೀಯ ನಿಯತಕಾಲಿಕಗಳಲ್ಲಿ ದಾಖಲಾಗಿವೆ.

ಕಲೆಯದು ಎಲ್ಲಕ್ಕಿಂತ ದೀರ್ಘ. ಎರಡು-ಮೂರು ತಿಂಗಳಲ್ಲಿ ಅದು ಮೊದಲಿಗಿಂತ ಕೆಂಪಾಗಿ, ದಪ್ಪವಾಗಿ ಕಾಣುತ್ತದೆ. ಕೆಟ್ಟಿತೆಂದು ಅನೇಕರು ಕಂಗಾಲಾಗುವುದು ಆಗಲೇ. ಅವಸರದಲ್ಲಿ ನೇಯ್ದ ಕೊಲಾಜನ್ ಎಳೆಗಳನ್ನು ದೇಹ ಬಿಚ್ಚಿ, ಹೆಚ್ಚು ಗಟ್ಟಿಯಾದ ಇನ್ನೊಂದು ಬಗೆಯ ಕೊಲಾಜನ್‌ನಿಂದ ಎಳೆತದ ದಿಕ್ಕಿಗೆ ಮತ್ತೆ ನೇಯುತ್ತಿರುತ್ತದೆ. ಒಂದರಿಂದ ಒಂದೂವರೆ ವರ್ಷದಲ್ಲಿ ಬಣ್ಣ ಮಾಸಿ ಚಪ್ಪಟೆಯಾಗುತ್ತದೆ. ಕಪ್ಪು ಮತ್ತು ಕಂದು ಚರ್ಮದವರಲ್ಲಿ ಕಲೆ ಉಬ್ಬಿ ಬೆಳೆಯುವ ಸಂಭವ ತುಸು ಹೆಚ್ಚು. ಹಿಂದಿನ ಯಾವುದಾದರೂ ಗಾಯ, ಕಿವಿ ಚುಚ್ಚಿದ ಜಾಗ ಹಾಗೆ ಉಬ್ಬಿದ್ದರೆ ಅದನ್ನು ಶಸ್ತ್ರಚಿಕಿತ್ಸೆಗೆ ಮುನ್ನವೇ ವೈದ್ಯರಿಗೆ ತೋರಿಸಬೇಕು.